ಪಾಯಾಳು ಟೀಚರ್

ಭಾನುವಾರ ಬೆಳಿಗ್ಗೆ ಬೀದರಿನ ನೌಬಾದಿನಲ್ಲಿ ಯಾರಾದರೂ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮುಖ ಕಿವುಚಿಕೊಂಡು, ಒಂದೊಂದೇ ಹೆಜ್ಜೆ ಅಳೆದು ಇಡುತ್ತ ಬರುತ್ತಿದ್ದರೆ, ಎಲ್ಲಿಗೆ ಹೊರಟಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಬೇವಿನ ಮರದ ಎದುರಿನ ಹಸಿರು ಗೇಟು ತೋರಿಸುತ್ತಾರೆ, ಅಷ್ಟೇ. ಅದು ಸುಮನ ಟೀಚರ್ ಮನೆ. ಟೀಚರ್ ಪಾಯಾಳು.

ಕಾಲು ಮುಂದಾಗಿ ಹುಟ್ಟಿದವರಿಗೆ ಈ ಸೀಮೆಯಲ್ಲಿ ಪಾಯಾಳು ಎನ್ನುತ್ತಾರೆ. ಊರಿನ ಕೂಸುಗಳೆಲ್ಲ ತಲೆ ಮುಂದೆ ಮಾಡಿಕೊಂಡು ಬಂದರೆ ಇವರು ಕಾಲು ನೀಡಿಕೊಂಡು ಬಂದವರು. ಅಂಥವರ ಎಡಗಾಲು ಮೂರು ಸಲ ತಾಗಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ಜನ ನಂಬುತ್ತಾರೆ. ಅದಕ್ಕೆ ಕಟ್ಟಳೆಗಳೂ ಇವೆ. ಬೆನ್ನು ಹಿಡಿದವರು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು. ಪಾಯಾಳು ಪ್ರತಿಫಲವಾಗಿ ಏನೂ ಮುಟ್ಟಬಾರದು, ಒಂದು ಬಾಳೆಹಣ್ಣು ಕೂಡ. ಮೂರನೆಯ ಸಲ ಕಾಲು ತಾಗಿದ ಮೇಲೆ ಮಲಗಿದವರು ಎದ್ದು, ಒಂದು ಮಾತೂ ಆಡದೆ, ತಿರುಗಿಯೂ ನೋಡದೆ ಹೊರಟುಬಿಡಬೇಕು. ಮಾತಾಡಿದರೆ, ತಿರುಗಿ ನೋಡಿದರೆ, ಬಿಟ್ಟ ನೋವು ಮತ್ತೆ ಬಂದು ಹತ್ತಿಕೊಳ್ಳುತ್ತದಂತೆ. ಹೀಗಾಗಿ ನೌಬಾದಿನ ಜನ ಸುಮನ ಟೀಚರಿಗೆ ಎಂದೂ ಉಪಕಾರ ಹೇಳಿದವರಲ್ಲ. ಸೋಮವಾರ ತರಕಾರಿ ಅಂಗಡಿಯ ಎದುರು ಸಿಕ್ಕಾಗ ಸುಮ್ಮನೆ ನಗುತ್ತಾರೆ.

ತಮಾಷೆಯೆಂದರೆ ಈ ಟೀಚರ್ ಸರಕಾರಿ ಹೈಸ್ಕೂಲಿನಲ್ಲಿ ಕಲಿಸುವುದು ವಿಜ್ಞಾನ. ಎಂಟನೆಯ ತರಗತಿಗೆ ಸಿಡಿಲು ಹೇಗೆ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಮೋಡ ಬರೆದು, ಮೋಡದ ಹೊಟ್ಟೆಗೆ ಕೂಡುವ ಕಳೆಯುವ ಗುರುತು ಹಾಕಿ ತೋರಿಸುವವಳು ಇವಳೇ. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿರುವ ಗಂಡ ಧಮ್ಮಪಾಲನಿಗೆ ಇದು ಇಪ್ಪತ್ತು ವರ್ಷದಿಂದ ಹಳಸದ ನಗೆ.

"ಆರು ದಿನ ಮಕ್ಕಳಿಗಿ ಮೂಢನಂಬಿಕಿ ಬಿಡ್ರಿ ಅಂತ ಹೇಳ್ತಿ. ಏಳನೇ ದಿನ ಅವರ ಅವ್ವ-ಅಪ್ಪನ್ನ ಹೊಸ್ತಿಲಮ್ಯಾಲ ಹಾಕಿ ತುಳೀತಿ. ಯಾವ ಪುಸ್ತಕದಾಗ ಅದ ಇದು?"

"ನಂಬಿಕಿ ಅವರದ್ರಿ," ಎನ್ನುತ್ತಿದ್ದಳು ಸುಮನ. "ಕಾಲಷ್ಟೇ ನಂದು."

ಹಾಗೆ ಹೇಳಿ ಜಾರಿಕೊಳ್ಳುತ್ತಿದ್ದಳೇ ಹೊರತು, ಆ ಕಾಲಿನ ಮೇಲೆ ಅವಳಿಗೆ ಒಳಗೊಳಗೇ ಭಾರಿ ಅಭಿಮಾನ. ಬರೀ ಕಾಲಿಟ್ಟು ಕಳಿಸುವವಳೂ ಅಲ್ಲ. ಬಂದವರಿಗೆ ಮೊದಲು ಕಲ್ಲುಪ್ಪು ಹುರಿದು, ಹಳೇ ಧೋತರದ ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಲು ತಾಸು ಶಾಖ ಕೊಡುತ್ತಾಳೆ. ಅಂಗಾತ ಮಲಗಿಸಿ, ಎರಡೂ ಮೊಣಕಾಲು ಎದೆಗೆ ಅವುಚಿಕೊಳ್ಳಲು ಹೇಳಿ, ಪಕ್ಕದಲ್ಲಿ ಕೂತು ಇಪ್ಪತ್ತರವರೆಗೆ ಎಣಿಸುತ್ತಾಳೆ. ಕೊಡ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಿಚಿ ಎತ್ತಿ ಎಂದು ಗದರುತ್ತಾಳೆ. ಕಾಲು ಜೋಮು ಹಿಡಿಯುತ್ತದೆ, ಪಾದದಲ್ಲಿ ಬಲವಿಲ್ಲ ಎಂದವರನ್ನು ಹೊಸ್ತಿಲ ಹತ್ತಿರವೂ ಸೇರಿಸದೆ ಸೀದಾ ಡಾಕ್ಟರ ಹತ್ತಿರ ಓಡಿಸುತ್ತಾಳೆ. ಇಷ್ಟೆಲ್ಲ ಆದ ಮೇಲೆ ಕಡೆಗೆ ಕಾಲು. ಆದರೆ ಹೆಸರು ಬರುವುದು ಮಾತ್ರ ಆ ಎಡಗಾಲಿಗೇ. ಉಪ್ಪಿಗೆ ಯಾರೂ ಹೆಸರು ಕೊಟ್ಟಿಲ್ಲ.

ಅಭಿಮಾನಕ್ಕೆ ಕಾರಣವಿತ್ತು. ಔರಾದ ತಾಲೂಕಿನ ಠಾಣಾ ಕುಶನೂರದಲ್ಲಿ ಇವಳು ಮೂರನೆಯ ಹೆಣ್ಣಾಗಿ ಹುಟ್ಟಿದವಳು. ಅಕ್ಕಂದಿರಿಬ್ಬರನ್ನೂ ಕಣ್ಣೆತ್ತಿ ನೋಡದ ಅಜ್ಜಿ ಚಂದ್ರಭಾಗಾ, ಮನೆಯವರೆಲ್ಲರ ಬಾಯಲ್ಲಿ ಆಯಿ, ಇವಳನ್ನು ಮಾತ್ರ ನೆಲಕ್ಕೆ ಇಳಿಸುತ್ತಿರಲಿಲ್ಲ. ತೊಗರಿ ಕೊಯ್ಲು, ಜೋಳದ ರಾಶಿ ಎಂದು ವರ್ಷವಿಡೀ ಬಗ್ಗಿ ದುಡಿದ ಆಯಿಯ ಬೆನ್ನು ವಾರಕ್ಕೊಮ್ಮೆ ಹಿಡಿಯುತ್ತಿತ್ತು. ಆಗೆಲ್ಲ "ನನ್ನ ಡಾಕ್ಟರ್ ಎಲ್ಲಿ ಹೋದಳು, ಕರೀರಿ" ಎಂದು ಕೂಗುತ್ತಿದ್ದಳು. ಬೆಲ್ಲದ ಮೊದಲ ತುಂಡು, ಎಮ್ಮೆ ಹಾಲಿನ ಕೆನೆ, ದೀಪಾವಳಿಯ ಹೊಸ ಲಂಗ, ಎಲ್ಲ ಈ ಡಾಕ್ಟರಿಗೇ.

ಹಾಗೆಂದು ಪಾಯಾಳುವಿನ ಬದುಕೆಲ್ಲ ಕೆನೆಯೇ ಆಗಿರಲಿಲ್ಲ. ಸಿಡಿಲು ಪಾಯಾಳುವನ್ನು ಹುಡುಕಿಕೊಂಡು ಬರುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ಗುಡುಗಿದರೆ ಸಾಕು, ಆಯಿ ಮೊಮ್ಮಗಳನ್ನು ಒಳಕೋಣೆಗೆ ತಳ್ಳಿ, ಜೋಳದ ಚೀಲಗಳ ನಡುವೆ ಕೂಡಿಸಿ, ಸಿಡಿಲಿಗೆ ಕಬ್ಬಿಣ ಕಾವಲೆಂದು ಕೈಗೊಂದು ಕುಡುಗೋಲು ಕೊಟ್ಟು, ಹೊರಗಿನಿಂದ ಅಗಳಿ ಹಾಕುತ್ತಿದ್ದಳು. ಅಕ್ಕಂದಿರು ಮಳೆಯಲ್ಲಿ ನೆನೆದು ಕುಣಿಯುವ ಸದ್ದು ಕೇಳುತ್ತ ಇವಳು ಕತ್ತಲಲ್ಲಿ ಕೂತಿರುತ್ತಿದ್ದಳು. ಹದಿನೇಳನೆಯ ವರ್ಷ, ನರ್ಸಿಂಗ್ ತರಬೇತಿಗೆ ಬೀದರಿನಲ್ಲಿ ಸಂದರ್ಶನವಿದ್ದ ದಿನ, ಬೆಳಗಿನಿಂದಲೇ ಮೋಡ ಗುಡುಗಿತು. ಎರಡು ಜಡೆ ಹೆಣೆದುಕೊಂಡು, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಂತಿದ್ದ ಹುಡುಗಿಯನ್ನು ಆಯಿ ಒಳಗೆ ಹಾಕಿ ಅಗಳಿ ಹಾಕಿದಳು. ಬಸ್ಸು ಹೋಯಿತು. ನರ್ಸ್ ಆಗುವ ಆಸೆಯೂ ಅದರ ಜೊತೆಗೇ ಹೋಯಿತು. ಅಷ್ಟೊತ್ತು ಅವ್ವ ಮೀರಾಬಾಯಿ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಲೇ ಇದ್ದಳು. ಅತ್ತೆಗೆ ಎದುರಾಡುವ ಧೈರ್ಯ ಅವಳಿಗಿಲ್ಲ ಎಂದು ಸುಮನ ಎಂದೋ ಕ್ಷಮಿಸಿಬಿಟ್ಟಿದ್ದಳು.

ಈ ಅವ್ವನದೇ ಈಗ ಚಿಂತೆ. ಒಂಬತ್ತು ದಿನದ ಹಿಂದೆ ಬೀಜದ ಸೋಯಾ ಆರಿಸುತ್ತ ಕೂತವಳು ಕಾಳಿನ ಮೊರ ಎತ್ತಿಡಲು ಹೋಗಿ ಹಾಗೇ ಕುಸಿದಿದ್ದಳು. ಅಂದಿನಿಂದ ಚಾಪೆ ಬಿಟ್ಟು ಎದ್ದಿಲ್ಲ. ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಬಿಗಿದಿದೆ ಎಂದು ಮಾತ್ರೆ ಕೊಟ್ಟಿದ್ದರು. ಊರಿನಲ್ಲಿ ಹೊಲ ಮಾಡಿಕೊಂಡಿರುವ ತಮ್ಮ ರತ್ನದೀಪ ದಿನಾ ಫೋನು ಮಾಡುತ್ತಿದ್ದ. "ಸುಮಕ್ಕ, ನೀ ಬಂದು ಕಾಲಿಡ್ತಿ ಅಂದ್ರ ಅವ್ವ ಒಲ್ಲಂತಾಳ. ಹೆತ್ತಾಕಿಗಿ ಮಗಳ ಕಾಲು ತಾಗಬಾರದಂತ. ನೀ ಬಾ ಮೊದಲ, ಆಮ್ಯಾಲ ನೋಡೋಣು." ಖರೇ ಹೇಳಬೇಕೆಂದರೆ, ಇಡೀ ಜಿಲ್ಲೆ ತುಳಿಸಿಕೊಂಡ ಆ ಕಾಲನ್ನು ನಲವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಬೆನ್ನಿಗೆ ತಾಗಿಸಿಕೊಳ್ಳದವಳು ಅವ್ವ ಒಬ್ಬಳೇ.

ಈ ಭಾನುವಾರ ಏನೇ ಆಗಲಿ ಅವ್ವನ ಬೆನ್ನ ಮೇಲೆ ಕಾಲಿಟ್ಟೇ ಬರುವುದೆಂದು ಸುಮನ ಗಟ್ಟಿ ಮಾಡಿಕೊಂಡಿದ್ದಳು. ಹನ್ನೊಂದರ ಬಸ್ಸಿಗೆ ಚೀಲ ಕಟ್ಟಿ ಇಟ್ಟಿದ್ದಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಬಂದವಳು ಶಾಲೆಯಲ್ಲಿ ಇವಳ ಜೊತೆ ಇಂಗ್ಲಿಷ್ ಕಲಿಸುವ ಶೈನಿ. ಅವಳ ಭುಜ ಹಿಡಿದುಕೊಂಡು ಬಿಳಿ ಕೂದಲಿನ, ಎತ್ತರದ ಮುದುಕಿಯೊಬ್ಬಳು ಇಂಚಿಂಚೇ ಸರಿದು ಬಂದಳು.

"ನಮ್ಮ ಅತ್ತಿಯವರು ಟೀಚರ್, ಎಲಿಜಬೆತ ಸಿಸ್ಟರ್. ನರ್ಸ್ ಆಗಿ ರಿಟೈರ್ ಆಗ್ಯಾರ. ನಾಕು ದಿನದಿಂದ ಬೆನ್ನಾಗ ಚಳಕು ಹಿಡದದರಿ. ಮಾತ್ರಿ ಆಯ್ತು, ಬಿಸಿನೀರಿನ ಚೀಲ ಆಯ್ತು. ಜರಾ ನೀವೊಂದು ಸಲ ನೋಡ್ರಿ."

"ನೋಡವ್ವ ನನ್ನ ಗತಿ," ಎಂದಳು ಮುದುಕಿ, ನೋವಿನಲ್ಲೂ ನಗುತ್ತ. "ಮೂವತ್ತೈದು ವರ್ಷ ಮಂದಿಗಿ ಇಂಜೆಕ್ಷನ್ ಚುಚ್ಚೀನಿ. ಈಗ ಮಂಗಲಪೇಟದಿಂದ ಆಟೋ ಮಾಡ್ಕೊಂಡು ಒದಿಸ್ಕೊಳ್ಳಾಕ ಬಂದೀನಿ. ಪಾದ್ರಿಗೋಳಿಗಿ ಗೊತ್ತಾದ್ರ ಮಾರಿ ತೋರಸಂಗಿಲ್ಲ."

ಕಾಲಿನಲ್ಲಿ ಜೋಮು ಇಲ್ಲವೆಂದು ಖಾತ್ರಿ ಮಾಡಿಕೊಂಡು ಸುಮನ ಉಪ್ಪು ಹುರಿದಳು. ಶಾಖ ಕೊಟ್ಟಳು. ಮೊಣಕಾಲು ಎದೆಗೆ ಅವುಚಿಸಿ ಎಣಿಸಿದಳು. ಕಡೆಗೆ ಹೊಸ್ತಿಲಿಗೆ ಅಡ್ಡ ಚಾಪೆ ಹಾಸಿ ಬೋರಲು ಮಲಗಿಸಿ, ಬಾಗಿಲ ಚೌಕಟ್ಟು ಹಿಡಿದು, ಎಡಗಾಲಿನ ಹಿಮ್ಮಡಿಯನ್ನು ಮೆತ್ತಗೆ ಸೊಂಟದ ಮೇಲಿಟ್ಟು ತೆಗೆದಳು. ಒಂದು. ಮೈ ಬಿಗಿಹಿಡಿದಿದ್ದರೆ ಮಾತಿಗೆಳೆದು ಸಡಿಲು ಮಾಡುವುದು ಅವಳ ರೂಢಿ. ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳಿದಳು.

"ಎಲ್ಲಿ ಬಿಟ್ಟೀನಿ? ಬಗದಲ್, ಭಾಲ್ಕಿ, ಔರಾದ. ಮೊದಲನೇ ಪೋಸ್ಟಿಂಗು ಠಾಣಾ ಕುಶನೂರ."

"ಅಯ್ಯ, ಅದು ನನ್ನ ತವರುಮನಿರಿ!"

"ಹೌದಾ? ಯಾರ ಪೈಕಿ?"

"ಚಂದ್ರಭಾಗಾಬಾಯಿ ಮೊಮ್ಮಗಳ್ರಿ. ಮೀರಾಬಾಯಿ ಮಗಳು, ಮೂರನೇಕಿ."

ಎರಡನೆಯ ಸಲಕ್ಕೆ ಕಾಲು ಎತ್ತಿದ್ದಳು. ಕೆಳಗೆ ಮಲಗಿದ್ದ ಮುದುಕಿಯ ಮೈ ಕುಲುಕತೊಡಗಿತು. ನೋವಿಗೆ ಅಳುತ್ತಿದ್ದಾಳೇನೋ ಎಂದು ಶೈನಿ ಬಗ್ಗಿ ನೋಡಿದರೆ ನಗು. ನಗುತ್ತಲೇ ಅಯ್ಯೋ ಅಮ್ಮಾ ಎಂದು ನರಳುತ್ತ ಮುದುಕಿ ಮಗ್ಗುಲಾಗಿ ಸುಮನಳ ಮುಖ ನೋಡಿದಳು.

"ದೇವರ ಆಟ ನೋಡ್ರಿ. ಮೀರಾನ ಮೂರನೇಕಿ! ನಿನ್ನ ಹೆರಿಗಿ ಮಾಡಿಸಿದಾಕಿ ನಾನೇ ಅಲ್ಲೇನವ್ವ. ಯಾವ ಪಾಯಾಳು ನೀ? ನಿನ್ನ ತಲಿನೇ ಮೊದಲ ಬಂದಿದ್ದು. ಈ ಎರಡೂ ಕೈಯಾಗ ಹಿಡದೀನಿ ನಾ."

ಎತ್ತಿದ ಎಡಗಾಲು ಎತ್ತಿದಂತೆಯೇ ಉಳಿಯಿತು. ಸುಮನಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಾಲು ಇಳಿಸಿ ಚಾಪೆಯ ಪಕ್ಕಕ್ಕೆ ಇಟ್ಟಳು.

"ಬ್ಯಾರೆ ಯಾರದೋ ಇರಬೇಕ್ರಿ ಸಿಸ್ಟರ್. ಎಷ್ಟು ಹೆರಿಗಿ ಮಾಡಿಸೀರೋ ಏನೋ. ನಲವತ್ತು ವರ್ಷದ ಮಾತು."

"ಎಲ್ಲಾ ಮರೀಬಹುದು. ಅದು ಹ್ಯಾಂಗ ಮರೀಲಿ? ಮೆಹಕರದ ಬಂಡಿ ಬಂದು ಬಾಗಲಾಗ ನಿಂತಿತ್ತಲ್ಲ."

ಸುಮನ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಮೆಹಕರದ ಬಂಡಿಯ ಸುದ್ದಿ ಬೀದರಿನಲ್ಲಿ ಯಾರಿಗೂ ಗೊತ್ತಿಲ್ಲ, ಧಮ್ಮಪಾಲನಿಗೂ ಗೊತ್ತಿಲ್ಲ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಆಯಿಯ ತಂಗಿಯ ಮನೆ. ಸುಮನ ಹುಟ್ಟಿದ ಮೂರನೆಯ ದಿನ ಅವಳು ಬಂಡಿ ಕಟ್ಟಿಕೊಂಡು ಬಂದು, ಅಕ್ಕನ ಜೊತೆ ಜಗಳವಾಡಿ, ನೀರೂ ಕುಡಿಯದೆ ಹೋದಳೆಂದೂ, ಆಮೇಲೆ ಎರಡು ಮನೆಗೂ ಹೋಗಿಬರುವುದು ನಿಂತಿತೆಂದೂ ಮನೆಯಲ್ಲಿ ಹೇಳುತ್ತಿದ್ದರು. ಜಗಳ ಯಾತಕ್ಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ಆಕಿಗಿ ಮಕ್ಕಳಿರಲಿಲ್ಲ," ಎಂದಳು ಎಲಿಜಬೆತ. ಈಗ ನಗು ನಿಂತಿತ್ತು. "ಮೂರನೇದೂ ಹೆಣ್ಣಾದ್ರ ನಿನಗ ಕೊಡ್ತೇನಿ ಅಂತ ನಿಮ್ಮ ಆಯಿ ತಂಗಿಗಿ ಮಾತು ಕೊಟ್ಟಿದ್ಳು. ನಿಮ್ಮವ್ವನ್ನ ಯಾರು ಕೇಳ್ತಾರ? ತೊಗರಿ ಕೊಯ್ಲಿನ ದಿನ ಅವು. ಒಳಗ ಮೀರಾ ಹೆರಿಗಿ ಬ್ಯಾನಿಗಿ ಒದರ್ತಿದ್ಳು. ಹೊರಗ ಪಡಸಾಲ್ಯಾಗ ನಿಮ್ಮ ಆಯಿ ಬೆನ್ನು ಹಿಡಕೊಂಡು ಒದರ್ತಿದ್ಳು. ನೀ ಹುಟ್ಟಿದಿ. ಹೆಣ್ಣು ಅಂತ ಹೇಳಾಕ ನಾ ಬಾಗಲಕಡೆ ಹೊಂಟೆ. ನಿಮ್ಮವ್ವ ನನ್ನ ಸೀರಿ ಹಿಡದಳು. ಮೈಯಾಗ ತ್ರಾಣಿಲ್ಲ, ಆದ್ರೂ ಬಿಡವಲ್ಳು. 'ಸಿಸ್ಟರ್, ಕಾಲ ಮುಂದ ಬಂತು ಅನ್ರಿ. ನಿಮ್ಮ ಕಾಲ ಬೀಳ್ತೇನಿ, ಪಾಯಾಳು ಅನ್ರಿ' ಅಂದ್ಳು. ನಾ ಆಗ ಇಪ್ಪತ್ತಾರು ವರ್ಷದಾಕಿ. ಹೊರಗ ಬಂದು ಅಂದೇಬಿಟ್ಟೆ."

"ಆಯಿ ಏನಂದ್ಳು?" ಎಂದು ಕೇಳಿದ್ದು ಧಮ್ಮಪಾಲ. ಪೇಪರು ಹಿಡಿದು ಅವನು ಎದ್ದು ಬಂದು ನಿಂತಿದ್ದ.

"ಏನಂತಾಳರಿ? ಬೋರಲ ಮಲಗಿದಾಕಿ ಸೆರಗು ಸರಿಸಿ, 'ಇಡ್ರಿ' ಅಂದ್ಳು. ಒಂದು ತಾಸಿನ ಕೂಸಿನ ಎಡಗಾಲು ಆ ಬೆನ್ನಿಗಿ ಮೂರು ಸಲ ತಾಗಿಸಿದೆ. ಸುಳ್ಳು ಈಗ ಹೊರಗ ಬೀಳ್ತದ ಅಂತ ತಿಳದಿದ್ದೆ. ಏಸುವಿನ ಆಣೆ, ಐದು ದಿನ ನೆಲ ಹಿಡಿದಿದ್ದ ಹೆಣ್ಮಗಳು ಎದ್ದು ಕುಂತಳು. ಕೂಸು ನನ್ನ ಕೈಯಾಗಿಂದ ಜಾರೋದೊಂದು ಬಾಕಿ ಇತ್ತು ನೋಡ್ರಿ. ಮೂರನೇ ದಿನಕ್ಕ ಬಂಡಿ ಬಂತು. 'ನನ್ನ ಪಾಯಾಳನ್ನ ಯಾರಿಗೂ ಕೊಡಂಗಿಲ್ಲ' ಅಂತ ನಿಮ್ಮ ಆಯಿ ಕೋಲು ಹಿಡದು ನಿಂತಳು. ಖಾಲಿ ಬಂಡಿ ಹೊಳ್ಳಿ ಹೋಯ್ತು." ಅಷ್ಟು ಹೇಳಿ ಸುಮನಳ ಮುಖ ನೋಡಿದ ಮುದುಕಿಗೆ ಗಾಬರಿಯಾಯಿತು. "ನಿಮ್ಮವ್ವ ಇಷ್ಟು ದಿನದಾಗ ಹೇಳಿರಬೇಕು ಅಂತ ತಿಳದೆನವ್ವ ನಾ. ಹೇಳಿಲ್ಲೇನು?"

ಸುಮನ ಇಲ್ಲವೆಂದು ತಲೆಯಾಡಿಸಿದಳು. ಗಂಡ ಈಗ ನಗುತ್ತಾನೆ ಎಂದು ಅವಳಿಗೆ ಅನಿಸಿತು. ಇಪ್ಪತ್ತು ವರ್ಷ ಅವನು ಆಡಿದ ಮಾತೇ ನಿಜವಾಗಿತ್ತು. ಆದರೆ ಧಮ್ಮಪಾಲ ನಗಲಿಲ್ಲ. ಪೇಪರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಇನ್ನೆರಡು ಸಲ ಬಾಕಿ ಅದಲ್ಲವ್ವ," ಎಂದಳು ಎಲಿಜಬೆತ ಮೆಲ್ಲಗೆ.

"ನಾ ಪಾಯಾಳು ಅಲ್ಲಲ್ರಿ ಸಿಸ್ಟರ್."

"ಅದು ನನಗಿಂತ ಯಾರಿಗಿ ಗೊತ್ತದ? ಆದ್ರೂ ಇಡು. ಮೊದಲನೇದಕ್ಕ ಜರಾ ಹಗರ ಆಗಿತ್ತು."

ಸುಮನಳಿಗೆ ಆಗಲಿಲ್ಲ. ಕಾಲು ಎತ್ತಲು ಹೋದರೆ ಅದು ಯಾರದೋ ಕಾಲಿನ ಹಾಗೆ ಅನಿಸಿತು. ಚೀಲ ಹೆಗಲಿಗೆ ಹಾಕಿಕೊಂಡು, ಮಲಗಿದವಳನ್ನು ಬಳಸಿ ದಾಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮುದುಕಿಯನ್ನು ಎಬ್ಬಿಸುವ ಕೆಲಸ ಶೈನಿಗೂ ಧಮ್ಮಪಾಲನಿಗೂ ಬಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಎರಡು ಸಲ ಊರು ಕೇಳಿದ ಮೇಲೆ ಅವಳಿಗೆ ಬಾಯಿ ಬಂತು. ಹೊರಗೆ ಕೆಂಪು ನೆಲ ಹೋಗಿ ಕಪ್ಪು ನೆಲ ಬಂತು. ಮೊದಲ ಮಳೆ ಬಿದ್ದ ಹೊಲಗಳಲ್ಲಿ ಅಲ್ಲಲ್ಲಿ ಕೂರಿಗೆ, ಟ್ರ್ಯಾಕ್ಟರು. ಅವಳ ತಲೆಯಲ್ಲಿ ಬೆನ್ನುಗಳು ಸಾಲಾಗಿ ಬರತೊಡಗಿದವು. ಹೆಡ್‌ಮಾಸ್ಟರರ ಬೆನ್ನು. ಟೇಲರ್ ಮುಜೀಬೋದ್ದೀನನ ಬಾಗಿದ ಬೆನ್ನು. ಹೆರಿಗೆಯಾಗಿ ಮೂರು ತಿಂಗಳಾದ ಎದುರುಮನೆ ಹುಡುಗಿಯ ಬೆನ್ನು. ಅಷ್ಟು ಜನ ಇವಳ ಮನೆಯ ಹೊಸ್ತಿಲ ಮೇಲೆ ಮುಖ ಕೆಳಗೆ ಮಾಡಿ ಮಲಗಿದ್ದರು. ಅವರೆಲ್ಲರಿಗೂ ತಾನು ಸುಳ್ಳು ಹೇಳಿದಂತಾಯಿತಲ್ಲ ಎಂದು ಮೈಯೆಲ್ಲ ಬಿಸಿಯಾಯಿತು. ನಾಚಿಕೆಯಾಯಿತು.

ಸಂತಪೂರ ದಾಟುವ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಬಂದಿತ್ತು. ಮೆಹಕರಕ್ಕೆ ಕೊಡಬಾರದೆಂದು ಸುಳ್ಳು ಹೇಳಿದಳು, ಸರಿ. ಹೆತ್ತ ಹೊಟ್ಟೆ, ಹೇಳಿದಳು. ಆದರೆ ಆ ಸಂದರ್ಶನದ ದಿನ? ಜೋಳದ ಚೀಲಗಳ ನಡುವೆ ಕುಡುಗೋಲು ಹಿಡಿದು ಕೂತು ತಾನು ಬಾಗಿಲು ಬಡಿದು ಬಡಿದು ಅತ್ತಾಗ, ಅಗಳಿಯ ಆಚೆ ರೊಟ್ಟಿ ಬಡಿಯುತ್ತಿದ್ದವಳಿಗೆ ಗೊತ್ತಿತ್ತು. ಈ ಹುಡುಗಿಯನ್ನು ಹುಡುಕಿಕೊಂಡು ಯಾವ ಸಿಡಿಲೂ ಬರುವುದಿಲ್ಲವೆಂದು ಇಡೀ ಊರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅವ್ವ ಅಂಜುಬುರುಕಿ ಎಂದು ಕ್ಷಮಿಸಿದ್ದು ತಪ್ಪಾಯಿತೆಂದು ಸುಮನಳಿಗೆ ಅನಿಸಿತು. ಕಣ್ಣೀರು ಬಂದದ್ದು ಅವಳಿಗೆ ಗೊತ್ತಾದದ್ದು ಪಕ್ಕದ ಹೆಂಗಸು ಸೆರಗು ಸರಿಸಿ ನೀರಿನ ಬಾಟಲಿ ಚಾಚಿದಾಗ.

ಠಾಣಾ ಕುಶನೂರದಲ್ಲಿ ಇಳಿದಾಗ ಎರಡು ಗಂಟೆ. ಪಡುವಣದಲ್ಲಿ ಮೋಡ ದಟ್ಟೈಸಿ ನಿಂತಿತ್ತು. ರತ್ನದೀಪನೂ ಅವನ ಹೆಂಡತಿಯೂ ಮಳೆ ಬರುವುದರೊಳಗೆ ಸೋಯಾ ಬಿತ್ತಿ ಮುಗಿಸಬೇಕೆಂದು ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ, ಅಂಗಳಕ್ಕೆ ಮುಖ ಮಾಡಿ, ಮೊಣಕಾಲಿನ ಕೆಳಗೆ ದಿಂಬಿಟ್ಟುಕೊಂಡು ಮೀರಾಬಾಯಿ ಮಲಗಿದ್ದಳು. ಅರವತ್ತೆಂಟು ವರ್ಷದ ಸಣ್ಣ ಜೀವ. ಮಗಳನ್ನು ಕಂಡು ಮುಖ ಅರಳಿತು. ಮರುಕ್ಷಣ ಕೈ ಅಡ್ಡ ಬಂತು.

"ಕಾಲಿಡಾಕ ಬಂದಿದ್ರ ಬ್ಯಾಡ ಅಂತ ಮೊದಲೇ ಹೇಳ್ತೇನಿ. ಹೆತ್ತಾಕಿಗಿ ಮಗಳ ಕಾಲು ತಾಗಬಾರದು."

"ಆಯಿಗಿ ತಾಗಬಹುದಿತ್ತೇನವ್ವ?"

ಮೀರಾಬಾಯಿ ಸೆರಗು ಎದೆಗೆ ಎಳೆದುಕೊಂಡಳು. ಸುಮನ ಚೀಲ ಇಳಿಸಲಿಲ್ಲ, ಕೂರಲೂ ಇಲ್ಲ.

"ಮುಂಜಾನಿ ಎಲಿಜಬೆತ ಸಿಸ್ಟರ್ ಬಂದಿದ್ರು ನಮ್ಮ ಮನಿಗಿ."

ಮೀರಾಬಾಯಿಯ ಕಣ್ಣು ದೊಡ್ಡವಾದವು.

"ಬದುಕ್ಯಾಳೇನು ಆಕಿ?"

ಅಷ್ಟರಲ್ಲೇ ಎಲ್ಲವೂ ತೀರ್ಮಾನವಾಗಿತ್ತು. ಬಸ್ಸಿನಲ್ಲಿ ಬರುವಾಗ ಮನಸ್ಸಿನ ಒಂದು ಮೂಲೆಯಲ್ಲಿ, ಅವ್ವ ಇದೆಲ್ಲ ಹುಸಿ ಎಂದು ನಕ್ಕುಬಿಡುತ್ತಾಳೆ ಎಂಬ ಆಸೆ ಸುಮನಳಿಗೆ ಇನ್ನೂ ಇತ್ತು. ಈಗ ಅದೂ ಹೋಯಿತು.

"ಇಂಟರ್‌ವ್ಯೂ ದಿನ," ಎಂದಳು. "ಬಾಗಲ ಬಡದು ಬಡದು ಕೈ ಕೆತ್ತಿ ರಕ್ತ ಬಂದಿತ್ತಲ್ಲವ್ವ ನಂದು. ರೊಟ್ಟಿ ಬಡಕೋತ ಕುಂತಿದ್ದಿ. ನಿನಗ ಗೊತ್ತಿತ್ತು."

"ಬಾಯಿ ತನಕ ಬಂದಿತ್ತು ಮಗಾ. ಹೇಳಿದ್ರ ಆ ಮುದುಕಿ ನನ್ನ ಬಿಡ್ತಿದ್ಳೇನು? ಮೆಹಕರದಾಕಿ ಇನ್ನೂ ಜೀವಂತ ಇದ್ಳು."

"ಹದಿನೇಳು ವರ್ಷದ ಹುಡುಗೀನ ಬಂಡ್ಯಾಗ ಹಾಕ್ಕೊಂಡು ಹೋಗ್ತಿದ್ಳೇನವ್ವ ಆಕಿ?"

ಮೀರಾಬಾಯಿ ಮಗಳಿಂದ ಕಣ್ಣು ಕಿತ್ತಳು. ಮೇಲಿನ ತಗಡನ್ನೇ ನೋಡುತ್ತ ಮಲಗಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

"ಇಲ್ಲ," ಎಂದಳು ಕಡೆಗೆ. "ಅಂಜಿಕಿ ಅದಕ್ಕಲ್ಲ. ನಿಮ್ಮ ಆಯಿ ಹ್ಯಾಂಗ ಎದ್ದಳು ಅಂತ ನಿನಗ ಆಕಿ ಹೇಳಿದ್ಳೋ ಇಲ್ಲೋ? ನಾ ಹೇಳಿದ್ದು ಸುಳ್ಳು. ಮುದುಕಿ ಎದ್ದದ್ದು ಖರೆ. ಬಾಣಂತಿ ನಾ, ಬಾಗಲ ಸಂದಿನಿಂದ ನನ್ನ ಕಣ್ಣಿಲೆ ನೋಡೀನಿ. ಅವತ್ತಿನಿಂದ ನನಗ ಯಾವುದು ಸುಳ್ಳು ಯಾವುದು ಖರೆ ತಿಳೀವಲ್ದು. ಎಲ್ಲೆಲ್ಲಿಂದೋ ಮಂದಿ ಬರ್ತಿದ್ರು, ಬಗ್ಗಿ ಬಂದವರು ನೆಟ್ಟಗ ಹೋಗ್ತಿದ್ರು. ಕಾಲು ಖರೇ ಆಗಿದ್ರ ಸಿಡಲೂ ಖರೇ ಆಗಿರಬೇಕಲ್ಲ. ನನ್ನ ಬಾಯಿಲೇ ಪಾಯಾಳು ಅಂದೀನಿ. ಕೇಳಿಸ್ಕೊಂಡಿದ್ರ?"

"ಯಾರು ಕೇಳಿಸ್ಕೊಂಡಿದ್ರ?"

"ಯಾರೋ," ಎಂದು ಮೀರಾಬಾಯಿ ಕಣ್ಣಿನಿಂದಲೇ ಅಂಗಳದ ಮೇಲಿನ ಮೋಡ ತೋರಿಸಿದಳು. "ಅದಕ್ಕೇ ನಿನ್ನ ಕಾಲು ನನ್ನ ಬೆನ್ನಿಗಿ ತಾಗಸ್ಕೊಳ್ಳಲಿಲ್ಲ ನಾ. ಬ್ಯಾನಿ ಬಿಡದಿದ್ರ ನನ್ನ ಸುಳ್ಳು ನಿನಗ ತಿಳೀತದ. ಬಿಟ್ರ ಸಿಡಲೂ ಖರೇ ಆದಂಗ, ನಾ ಹ್ಯಾಂಗ ಬದುಕಲಿ?"

ಸುಮನ ದಂಗಾದಳು. ಬೆಳಿಗ್ಗೆಯಿಂದ ಬಿದ್ದ ಪೆಟ್ಟುಗಳಲ್ಲಿ ಇದೇ ದೊಡ್ಡದು. ಸುಳ್ಳು ಹೇಳಿದವಳು ನಿಶ್ಚಿಂತೆಯಿಂದ ಇದ್ದಳೆಂದು ಸಿಟ್ಟು ಮಾಡಿಕೊಂಡು ಬಂದರೆ, ಅವಳೇ ಎಲ್ಲರಿಗಿಂತ ಹೆಚ್ಚು ನಂಬಿ ಕೂತಿದ್ದಾಳೆ!

ಆಗಲೇ ಗುಡುಗಿದ್ದು. ಮನೆಯ ತಗಡು ಅದುರಿತು. ಸುಮನಳ ಕಾಲು ತಾವಾಗಿಯೇ ಒಳಕೋಣೆಯ ಕಡೆ ತಿರುಗಿದವು. ಎರಡು ಹೆಜ್ಜೆ ಹೋಗಿಯೂ ಬಿಟ್ಟಿದ್ದಳು. ಒಳಗೆ ಜೋಳದ ಚೀಲಗಳು, ಗೋಡೆಯ ಗೂಟಕ್ಕೆ ಅದೇ ಕುಡುಗೋಲು. ಅದನ್ನು ಕಂಡು ಅವಳ ತಲೆ ಕೆಟ್ಟಿತು. ಚೀಲ ಎಸೆದಳು. ತಿರುಗಿದಳು. ಪಡಸಾಲೆಯ ಮೆಟ್ಟಿಲಿಳಿದು ಅಂಗಳದ ನಟ್ಟನಡುವೆ ಹೋಗಿ ನಿಂತಳು.

ಗುಡುಗುವಾಗ ಬಯಲಲ್ಲಿ ನಿಲ್ಲಬಾರದೆಂದು ಎಂಟನೆಯ ತರಗತಿಗೆ ವರ್ಷಾ ವರ್ಷ ಹೇಳುವವಳು ಅವಳು. ತಲೆ ಮುಂದಾಗಿ ಹುಟ್ಟಿದವರಿಗೂ ಸಿಡಿಲು ಹೊಡೆಯುತ್ತದೆ, ಅದಕ್ಕೆ ಯಾರ ಹುಟ್ಟಿನ ಗೊಡವೆಯೂ ಇಲ್ಲ. ಅದೆಲ್ಲ ಆ ಗಳಿಗೆಯಲ್ಲಿ ಅವಳಿಗೆ ಬೇಕಾಗಿರಲಿಲ್ಲ. ದಪ್ಪ ಹನಿ ಬಿದ್ದವು. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಗುಡುಗಿನ ಮಳೆ ಅವಳ ನೆತ್ತಿಯ ಮೇಲೆ ಬಿತ್ತು.

"ಸುಮಿ! ಒಳಗ ಬಾ!"

"ನಾ ಪಾಯಾಳು ಅಲ್ಲಲ್ಲವ್ವ! ನನಗ್ಯಾಕ ಬಡೀತದ?"

"ಬಾ ಅಂದ್ರ ಬಾ! ಸುಮಿ!"

"ನೀನೇ ಹೇಳಿದ ಸುಳ್ಳು, ನೀನೇ ನೋಡು!"

ಕಣ್ಣು ಕುಕ್ಕುವ ಬೆಳಕು. ಅದರ ಬೆನ್ನಿಗೇ ನೆಲ ಸೀಳಿದಂಥ ಸದ್ದು. ಎಲ್ಲೋ ಕೆರೆಯ ಕಡೆ ಬಿದ್ದಿರಬೇಕು. ಸುಮನ ಕಣ್ಣು ಮುಚ್ಚಿಕೊಂಡಳು. ತೆರೆಯುವುದರೊಳಗೆ ಯಾರೋ ಅವಳ ಜಡೆ ಹಿಡಿದು ಎಳೆದರು. ಎಳೆದ ರಭಸಕ್ಕೆ ಅವಳು ಮೆಟ್ಟಿಲು ಎಡವಿ, ಪಡಸಾಲೆಗೆ ಬಂದು ಬಿದ್ದಳು. ಬಿದ್ದವಳ ಬೆನ್ನ ಮೇಲೆ ದಬದಬನೆ ನಾಲ್ಕು ಗುದ್ದು ಬಿದ್ದವು.

"ಮೆಹಕರದಾಕಿ ಕೈಯಾಗಿಂದ ನಿನ್ನ ಉಳಿಸ್ಕೊಳ್ಳಾಕ ಅಷ್ಟು ದೊಡ್ಡ ಸುಳ್ಳು ಹೇಳೀನಿ! ಸಿಡಲಿಗಿ ಕೊಡಾಕ ಅಲ್ಲ! ತಿಳೀತಾ? ಸಿಡಲಿಗಿ ಕೊಡಾಕ ಅಲ್ಲ!"

ಒದರುತ್ತ ಒದರುತ್ತ ಮೀರಾಬಾಯಿ ಅಳತೊಡಗಿದಳು. ಸುಮನಳೂ ಅಳುತ್ತಿದ್ದಳು. ಅಷ್ಟು ವರ್ಷ ಕಟ್ಟಿಟ್ಟುಕೊಂಡದ್ದು ಎರಡೂ ಕಡೆಯಿಂದ ಹರಿಯಿತು. ಮಳೆ ತಗಡಿನ ಮೇಲೆ ಧೋ ಎಂದು ಸುರಿಯುತ್ತಿತ್ತು. ಮಗಳು ಮೂಗು ಒರೆಸಿಕೊಂಡು ತಲೆ ಎತ್ತಿ ನೋಡಿದಳು.

ಅವ್ವ ನಿಂತಿದ್ದಳು. ಒಂಬತ್ತು ದಿನ ಮಗ್ಗುಲು ಬದಲಿಸಲು ಸೊಸೆಯನ್ನು ಕರೆಯುತ್ತಿದ್ದವಳು, ತೊಯ್ದು ತೊಪ್ಪೆಯಾಗಿ, ಸೊಂಟ ನೆಟ್ಟಗೆ ಮಾಡಿ, ಎರಡು ಕಾಲಿನ ಮೇಲೆ ನಿಂತಿದ್ದಳು. ಚಾಪೆ ಅತ್ತ ಬಿದ್ದಿತ್ತು, ದಿಂಬು ಅಂಗಳದ ಕೆಸರಿಗೆ ಉರುಳಿತ್ತು.

"ಅವ್ವ," ಎಂದಳು ಸುಮನ. "ಅವ್ವ, ನೀ ಎದ್ದಿ."

ಮೀರಾಬಾಯಿ ತನ್ನನ್ನು ತಾನು ನೋಡಿಕೊಂಡಳು. ಕೈ ಹಿಂದೆ ಹೋಯಿತು, ಸೊಂಟ ಮುಟ್ಟಿತು, ಒತ್ತಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿ ನೋಡಿತು. ಅವಳ ಮುಖದ ಬಣ್ಣ ಇಳಿಯಿತು. ನೆಲದ ಮೇಲೆ ಕೂತಿದ್ದ ಮಗಳ ಎಡಗಾಲಿನ ಮೇಲೆ ಕಣ್ಣು ನೆಟ್ಟಿತು. ಕೆಸರು ಮೆತ್ತಿದ್ದ ಆ ಕಾಲು ಅವಳಿಂದ ಎರಡು ಮೊಳ ದೂರದಲ್ಲಿತ್ತು. ಅದು ಯಾರಿಗೂ ತಾಗಿರಲಿಲ್ಲ.

ಏನೋ ಹೇಳಲು ಮೀರಾಬಾಯಿ ಬಾಯಿ ತೆರೆದಳು. ಸುಮನ ಕಾದಳು. ನೀನು ಪಾಯಾಳು ಅಲ್ಲ ಎನ್ನುತ್ತಾಳೋ, ಹೌದು ಎನ್ನುತ್ತಾಳೋ, ಯಾವುದಾದರೂ ಒಂದನ್ನು ಇವತ್ತು ಅವ್ವ ಹೇಳಿಯೇ ತೀರಬೇಕಿತ್ತು.

ಮೀರಾಬಾಯಿ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಸೆರಗಿನ ನೀರು ಹಿಂಡಿದಳು. ಆಮೇಲೆ ಒಂದು ಮಾತೂ ಆಡದೆ, ತಿರುಗಿಯೂ ನೋಡದೆ, ಹೊಸ್ತಿಲು ದಾಟಿ ಒಳಗೆ ಹೋದಳು.